ನಿಮಗೆ ಸಂಬಂಧಿಸಿದಷ್ಟು

ಮತ ಹಾಕುವ ಪ್ರತಿಯೊಬ್ಬರಿಗೂ, ಹಾಕುವ ಮೊದಲೇ, ತಿಳಿಯಬೇಕಾದದ್ದೆಲ್ಲ ತಿಳಿದಿದ್ದರೆ ಏನಾದೀತು? ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸುಮಿತ್ರಾ ಹೊಂಬಳ ತನ್ನ ಹರೆಯವನ್ನೆಲ್ಲ ಈ ಒಂದೇ ಪ್ರಶ್ನೆಗೆ ಕೊಟ್ಟಿದ್ದಳು. ಕೊನೆಗೆ ತಯಾರಾದದ್ದು ಕಡಲೆಕಾಳಿನ ಗಾತ್ರದ, ಕಿವಿಯೊಳಗೆ ಇಟ್ಟುಕೊಳ್ಳುವ ಒಂದು ಉಪಕರಣ. ಸರ್ಕಾರ ಅದಕ್ಕೆ ‘ಮತದಾರ ಮಾಹಿತಿ ಸಾಧನ’ ಎಂದು ಹೆಸರಿಟ್ಟಿತು. ಜನ ಕಿವಿಕಾಳು ಎಂದರು. ಜನರ ಹೆಸರೇ ಉಳಿಯಿತು.

ಅದು ಕೆಲಸ ಮಾಡುತ್ತಿದ್ದ ರೀತಿಯಲ್ಲಿ ಗೂಢವೇನೂ ಇರಲಿಲ್ಲ. ಹೊಸ ಕಾನೂನಿನಂತೆ ಅಭ್ಯರ್ಥಿಗಳು ತಮ್ಮ ಭರವಸೆಗಳನ್ನೆಲ್ಲ ಬರೆದು ಸಲ್ಲಿಸಬೇಕಿತ್ತು. ಗೆದ್ದ ಮೇಲೆ ಅದರಂತೆ ನಡೆಯದಿದ್ದರೆ ಸ್ಥಾನ ಹೋಗುತ್ತಿತ್ತು. ಪ್ರಯೋಗಾಲಯದ ಯಂತ್ರ ಆ ಭರವಸೆಗಳನ್ನೂ ಅಭ್ಯರ್ಥಿಗಳ ಆಸ್ತಿ, ಮೊಕದ್ದಮೆ, ಹಿಂದಿನ ಅವಧಿಯ ಕೆಲಸ ಎಲ್ಲವನ್ನೂ ಓದಿ, ಸುಳ್ಳನ್ನು ಜರಡಿ ಹಿಡಿದು ತೆಗೆದು, ಉಳಿದದ್ದನ್ನು ಮತದಾರನ ಮಾತಿನ ಧಾಟಿಯಲ್ಲೇ ಅವನ ಕಿವಿಗೆ ಹೇಳುತ್ತಿತ್ತು. ಏನು ಪ್ರಶ್ನೆ ಕೇಳಿದರೂ ಉತ್ತರ ಕೊಡುತ್ತಿತ್ತು. ಯಾರಿಗೆ ಹಾಕಲಿ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಿತ್ತು. ಆ ಮೌನದ ಬಗ್ಗೆ ಸುಮಿತ್ರಾಳಿಗೆ ಬಹಳ ಹೆಮ್ಮೆಯಿತ್ತು.

ಮೊದಲ ಪರೀಕ್ಷೆ ನೆಲಕಚ್ಚಿತು. ಹಳ್ಳಿಯೊಂದರಲ್ಲಿ ಕಿವಿಕಾಳು ಹಂಚಿ, ಪ್ರಯೋಗಾಲಯದಲ್ಲಿ ಪರದೆಯ ಮುಂದೆ ಕೂತು ನೋಡುತ್ತಿದ್ದಾಗ, ಮುಖ್ಯಸ್ಥ ಕೇಶವರಾವ್ ಇನಾಮದಾರ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

‘ಮುಕ್ಕಾಲು ತಾಸು ಯಾರು ಕೇಳ್ತಾರವಾ ಸುಮಿತ್ರಾ? ನೋಡಿಲ್ಲೆ, ಮೂರನೇ ನಿಮಿಷಕ್ಕ ಅರ್ಧ ಮಂದಿ ಕಿತ್ತು ಕಿಸೇದಾಗ ಹಾಕ್ಯಾರ.’

‘ತಿಳಕೊಳ್ಳೂದು ಅವರ ಕೆಲಸ ಅಲ್ಲೇನ್ರಿ ಸರ್?’

‘ಕೆಲಸ ಹೌದು. ಆದ್ರ ಅವರಿಗೆ ಬ್ಯಾರೆ ಕೆಲಸಾನೂ ಇರ್ತಾವ. ಏನಾರ ಹಾದಿ ಹುಡುಕು. ಇಲ್ಲಂದ್ರ ಈ ಯೋಜನೆ ಇಲ್ಲಿಗೇ ಮುಗೀತದ.’

ಸುಮಿತ್ರಾ ಹಾದಿ ಹುಡುಕಿದಳು. ಮತದಾರನ ಮನೆ, ಕಸುಬು, ಕಟ್ಟುವ ತೆರಿಗೆ, ಮಕ್ಕಳ ಶಾಲೆ ಇವೆಲ್ಲ ಸರ್ಕಾರದ ದಾಖಲೆಗಳಲ್ಲಿ ಇದ್ದೇ ಇದ್ದವು. ಅವುಗಳನ್ನು ನೋಡಿ, ಆ ಮತದಾರನಿಗೆ ತಾಗುವ ಸಾಲುಗಳನ್ನಷ್ಟೇ ಆರಿಸಿ ಒಂದೂವರೆ ನಿಮಿಷದಲ್ಲಿ ಹೇಳುವಂತೆ ಯಂತ್ರವನ್ನು ಬದಲಾಯಿಸಿದಳು. ಈ ವ್ಯವಸ್ಥೆಗೆ ಅವಳೇ ಹೆಸರಿಟ್ಟಳು: ‘ನಿಮಗೆ ಸಂಬಂಧಿಸಿದಷ್ಟು.’ ಉಳಿದದ್ದು ಬೇಕೆಂದವರು ಕೇಳಿದರಾಯಿತು. ಎರಡನೆಯ ಪರೀಕ್ಷೆಯಲ್ಲಿ ಒಬ್ಬರೂ ಕಿವಿಕಾಳು ಕೀಳಲಿಲ್ಲ. ಇನಾಮದಾರರು ಇಡೀ ಪ್ರಯೋಗಾಲಯಕ್ಕೆ ಫೇಡೆ ಹಂಚಿದರು.

ಕಿವಿಕಾಳು ಮೊದಲ ಬಾರಿಗೆ ನಿಜವಾದ ಚುನಾವಣೆಗೆ ಇಳಿದದ್ದು ಹಂಚಿನಕಟ್ಟಿಯಲ್ಲಿ. ಅದು ಸುಮಿತ್ರಾಳ ತವರೂರು, ಹಂಚಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಬಡವಾದ ಪಟ್ಟಣ. ಪುರಸಭೆಯ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಆಗಷ್ಟೇ ಬಂದಿತ್ತು. ಕಣದಲ್ಲಿ ಇಬ್ಬರು. ಒಬ್ಬಳು ನಿವೃತ್ತ ನರ್ಸ್ ಗಂಗವ್ವ ಗಾಣಿಗೇರ. ಅವಳು ಸಲ್ಲಿಸಿದ ಭರವಸೆಗಳು ಎಂಟು ಪುಟ: ಚರಂಡಿ, ಕುಡಿಯುವ ನೀರು, ಹಳೆಯ ಬಸ್‌ಸ್ಟ್ಯಾಂಡಿನ ರಿಪೇರಿ. ಇನ್ನೊಬ್ಬ ಕಲ್ಲುಕ್ವಾರಿಗಳ ಮಾಲೀಕ ಶಿವಪುತ್ರ ಕಡಪಟ್ಟಿ. ಕಿವಿಕಾಳು ಹೇಗೆ ಓದುತ್ತದೆಂಬುದನ್ನು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವನು ಅವನೇ. ಅವನು ಮನೆಮನೆಗೆ ಹುಡುಗರನ್ನು ಕಳಿಸಿ ಯಾರಿಗೆ ಏನು ಬೇಕೆಂದು ಕೇಳಿಸಿದ. ನಂತರ ಹನ್ನೊಂದು ಸಾವಿರ ಸಾಲುಗಳ ಪ್ರಣಾಳಿಕೆ ಸಲ್ಲಿಸಿದ. ಊರಿನ ಪ್ರತಿ ಕುಟುಂಬಕ್ಕೂ ಅದರಲ್ಲಿ ಒಂದೊಂದು ಸಾಲು ಇತ್ತು.

‘ಎಂಥಾ ವಿವರ ನೋಡವಾ!’ ಇನಾಮದಾರರು ಮೆಚ್ಚಿದರು. ‘ನಮ್ಮ ಕಿವಿಕಾಳು ಬಂದದ್ದಕ್ಕ ರಾಜಕೀಯದವ್ರೂ ಅಭ್ಯಾಸ ಮಾಡ್ಲಿಕ್ಕೆ ಹತ್ಯಾರ.’

ಸುಮಿತ್ರಾ ಅದನ್ನು ಓದಲು ಕೂತಳು. ಸಾಲುಗಳು ಸರ್ವೆ ನಂಬರು, ಕಲಮು, ಉಪಕಲಮುಗಳಿಂದ ತುಂಬಿದ್ದವು. ಸುಳ್ಳಿದ್ದರೆ ಯಂತ್ರ ಹಿಡಿಯುತ್ತಿತ್ತು, ಹಿಡಿಯಲಿಲ್ಲ. ಹಣವಿಲ್ಲದ ಯೋಜನೆಯಿದ್ದರೆ ತೋರಿಸುತ್ತಿತ್ತು, ತೋರಿಸಲಿಲ್ಲ. ಮುನ್ನೂರು ಸಾಲು ಓದುವಷ್ಟರಲ್ಲಿ ಅವಳಿಗೆ ಸಾಕಾಯಿತು. ಹೇಗೂ ಯಂತ್ರ ಪೂರ್ತಿ ಓದಿದೆಯಲ್ಲ ಎಂದು ಪುಟ ಮುಚ್ಚಿದಳು.

ಮತದಾನದ ಹಿಂದಿನ ದಿನ ಅವಳು ಹಂಚಿನಕಟ್ಟಿಗೆ ಹೋದಳು. ಅಕ್ಕ ನೀಲವ್ವನ ಖಾನಾವಳಿ ಇದ್ದದ್ದು ಊರಿನ ಪೂರ್ವದ ಅಂಚಿನಲ್ಲಿ. ಬಸ್‌ಸ್ಟ್ಯಾಂಡು ಊರಿನ ಆ ತುದಿಗೆ ಇದ್ದುದರಿಂದ ಗಿರಾಕಿಗಳು ಕಡಿಮೆ. ಗಂಡ ತೀರಿದ ಮೇಲೆ ನೀಲವ್ವ ಒಬ್ಬಳೇ ಅದನ್ನು ಎಳೆದುಕೊಂಡು ಬಂದಿದ್ದಳು. ಒಬ್ಬಳೇ ಎನ್ನುವುದೂ ತಪ್ಪು, ಜೊತೆಗೆ ಬೀಬಿಜಾನ ಇದ್ದಳು. ಖಾನಾವಳಿಯ ಹಿಂದಿನ ಕೆರೆ ಓಣಿಯಲ್ಲಿ ಅವಳ ಮನೆ. ಮದುವೆಯಾಗಿ ಬಂದ ವರ್ಷದಿಂದ ಇಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಗಳು ಮುನ್ನಿ ತೆವಳಲು ಕಲಿತದ್ದೇ ಈ ಅಡುಗೆಮನೆಯ ಹಿಟ್ಟಿನ ನೆಲದ ಮೇಲೆ.

ಮಧ್ಯಾಹ್ನದ ಊಟ ಮುಗಿದು ಒಲೆ ಆರಿದ ಮೇಲೆ ಇಬ್ಬರೂ ಕಿವಿಕಾಳು ಹಾಕಿಕೊಂಡು ಕೂತರು. ಸುಮಿತ್ರಾ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಇಷ್ಟು ವರ್ಷದ ದುಡಿಮೆ ಕಣ್ಣೆದುರಿಗೇ ನಡೆಯುತ್ತಿತ್ತು.

ಮೊದಲು ಕೂಗಿದವಳು ಬೀಬಿಜಾನ. ‘ಅಕ್ಕಾರ! ಕಡಪಟ್ಟಿ ಸಾವ್ಕಾರ ನನಗ ಹಕ್ಕುಪತ್ರ ಕೊಡಸ್ತಾನಂತ್ರಿ. ಅತ್ತಿ ಹೆಸರ್ಲೆ ಅಲ್ಲ, ಗಂಡನ ಹೆಸರ್ಲೆ ಅಲ್ಲ, ನನ್ನ ಹೆಸರ್ಲೆ! ಇದು ಖರೇನ ಹೇಳತೈತಲ್ರಿ ಸಣ್ಣಕ್ಕಾರ?’

‘ಸುಳ್ಳು ಹೇಳೂದು ಅದಕ್ಕ ಬರೂದಿಲ್ಲ,’ ಎಂದಳು ಸುಮಿತ್ರಾ. ‘ನಿನಗೇನ್ ಹೇಳ್ತು ಅಕ್ಕಾ?’

ನೀಲವ್ವ ಕಿವಿಕಾಳನ್ನು ತೆಗೆದು ಸೆರಗಿನಿಂದ ಒರೆಸಿದಳು.

‘ಬಸ್‌ಸ್ಟ್ಯಾಂಡ್ ಈ ಕಡೀಗೆ ಬರತೈತಂತ,’ ಎಂದಳು.

‘ಅಯ್ಯ, ಹಂಗಾರ ದಿನಾ ಎರಡು ಚೀಲ ಹಿಟ್ಟು ನಾದಬೇಕು ನಾವು!’ ಬೀಬಿಜಾನ ನಕ್ಕಳು.

‘ಮತ್ತೇನರ ಕೇಳೂದಿದ್ರ ಕೇಳ್ರಿ,’ ಎಂದಳು ಸುಮಿತ್ರಾ. ‘ಏನ್ ಕೇಳಿದ್ರೂ ಹೇಳತೈತಿ.’

‘ಇನ್ನೇನ್ ಕೇಳ್ಲಿ ಸಣ್ಣಕ್ಕಾರ? ಕೇಳೂಕಿಂತ ಮೊದ್ಲ ಎಲ್ಲಾ ಹೇಳೇಬಿಟ್ಟೈತಿ.’

ನೀಲವ್ವ ಎದ್ದು ಪಾತ್ರೆ ತೊಳೆಯಲು ಹೋದಳು.

ಕಡಪಟ್ಟಿ ಭಾರಿ ಅಂತರದಿಂದ ಗೆದ್ದ. ಮತದಾನದ ನಂತರ ನಡೆಸಿದ ಸಮೀಕ್ಷೆಯಲ್ಲಿ ಹಂಚಿನಕಟ್ಟಿಯ ಮತದಾರರು ತಾವು ಯಾಕೆ ಮತ ಹಾಕಿದೆವು ಎಂಬುದಕ್ಕೆ ಸ್ಪಷ್ಟವಾದ, ನಿಜವಾದ ಕಾರಣ ಕೊಟ್ಟರು. ಜಾತಿ ಎಂದವರು ಕಡಿಮೆ, ಸೀರೆ ಹಂಚಿದ ಎಂದವರು ಒಬ್ಬರೂ ಇಲ್ಲ. ಪತ್ರಿಕೆಗಳು ಅದನ್ನು ದೇಶದ ಅತ್ಯಂತ ತಿಳಿವಳಿಕೆಯ ಊರು ಎಂದು ಬರೆದವು. ಬೆಂಗಳೂರಿನಲ್ಲಿ ಸುಮಿತ್ರಾಳಿಗೆ ಶಾಲು ಹೊದಿಸಿದರು.

ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ಬೀಬಿಜಾನ ಅವಳಿಗೆ ಫೋನ್ ಮಾಡಿದಳು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

‘ಸಣ್ಣಕ್ಕಾರ, ಹಕ್ಕುಪತ್ರ ಬಂತ್ರಿ.’

‘ಛಲೋ ಆತಲ್ಲ ಬೀಬಿಜಾನ?’

‘ಜಾಗಾ ಇಲ್ಲಿದಲ್ರಿ. ಚಿಕ್ಕಬಸಾಪುರದ್ದಂತ. ಅದೆಲ್ಲೈತೋ ನಾ ನೋಡೇ ಇಲ್ಲ. ಇಲ್ಲಿ ಜೆಸಿಬಿ ಬಂದು ನಿಂತೈತಿ. ಅಲ್ಲಿ ಜಾಗಾ ಕೊಟ್ಟೈತಿ, ಇಲ್ಲಿಂದ ಏಳ್ರಿ ಅನ್ನಾಕತ್ತಾರ.’

ಸುಮಿತ್ರಾ ಕೆರೆ ಓಣಿ ತಲುಪುವ ಹೊತ್ತಿಗೆ ಅರ್ಧ ಓಣಿ ಉಳಿದಿರಲಿಲ್ಲ. ಬೀಬಿಜಾನಳ ಅತ್ತೆ ಕಪಾಟಿನ ಮೇಲೆ ಕೂತಿದ್ದಳು. ಆ ಕಪಾಟು ಬೀದಿಯ ನಡುವೆ ಇತ್ತು. ಮುನ್ನಿ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ನಿಂತಿದ್ದಳು, ಶಾಲೆಗೆ ಹೋಗಬೇಕೋ ಬೇಡವೋ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪುರಸಭೆಯ ಇಂಜಿನಿಯರ ಬಹಳ ಸಭ್ಯನಾಗಿ ಸುಮಿತ್ರಾಳಿಗೆ ನಕ್ಷೆ ತೋರಿಸಿದ. ಹೊಸ ಬಸ್‌ಸ್ಟ್ಯಾಂಡು ಬರುವುದು ಸರಿಯಾಗಿ ಇಲ್ಲೇ. ಎಲ್ಲವೂ ಪ್ರಣಾಳಿಕೆಯಲ್ಲಿ ಇದ್ದದ್ದೇ, ಜನರೇ ಮತ ಹಾಕಿ ಒಪ್ಪಿದ್ದು ಎಂದ.

ಅವಳು ಅಲ್ಲಿಂದ ನೇರ ಪ್ರಯೋಗಾಲಯಕ್ಕೆ ಬಂದು ಹನ್ನೊಂದು ಸಾವಿರ ಸಾಲುಗಳನ್ನೂ ಓದಿದಳು. ಬಸ್‌ಸ್ಟ್ಯಾಂಡಿನ ಸಾಲು ಇತ್ತು, ಸರ್ವೆ ನಂಬರಿನ ಸಮೇತ. ಹಕ್ಕುಪತ್ರದ ಸಾಲು ಇತ್ತು, ಇನ್ನೊಂದು ಸರ್ವೆ ನಂಬರಿನ ಸಮೇತ. ಯಂತ್ರ ಬೀಬಿಜಾನಳಿಗೆ ಎರಡನೆಯದನ್ನು ಹೇಳಿತ್ತು. ಮೊದಲನೆಯದನ್ನು ಯಾಕೆ ಹೇಳಲಿಲ್ಲ ಎಂಬುದಕ್ಕೆ ಕಾರಣವೂ ಸಿಕ್ಕಿತು. ಮತದಾರರ ಪಟ್ಟಿಯಲ್ಲಿದ್ದರೂ ಭೂದಾಖಲೆಯಲ್ಲಿ ಕೆರೆ ಓಣಿ ಎಂಬುದೇ ಇರಲಿಲ್ಲ. ಆ ನಂಬರು ಖಾಲಿ ಸರ್ಕಾರಿ ಜಾಗ. ಅಲ್ಲಿ ಮನೆಗಳಿವೆ, ಮೂರು ತಲೆಮಾರಿನಿಂದ ಜನರಿದ್ದಾರೆ ಎಂಬುದು ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹಕ್ಕುಪತ್ರದ ಜಾಗ ಎಲ್ಲಿ ಎಂದು ಆ ಓಣಿಯವರು ಯಾರಾದರೂ ಕೇಳಿದ್ದರೆ ಯಂತ್ರ ಹೇಳುತ್ತಿತ್ತು. ಮನೆಯಿದ್ದಲ್ಲಿಯೇ ಕೂತವರು ಮನೆ ಎಲ್ಲಿ ಎಂದು ಯಾಕೆ ಕೇಳುತ್ತಾರೆ?

ಇನಾಮದಾರರು ಎಲ್ಲವನ್ನೂ ಕೇಳಿಸಿಕೊಂಡರು. ಅವರೂ ನೊಂದಿದ್ದರು, ಆದರೆ ಓಣಿಯವರ ದೂರಿನ ಮೇಲೆ ಸರ್ಕಾರ ನಡೆಸಿದ ವಿಚಾರಣೆಯ ವರದಿ ಅಷ್ಟರಲ್ಲಿ ಅವರ ಮೇಜಿನ ಮೇಲಿತ್ತು.

‘ಯಂತ್ರ ಒಂದಾದ್ರೂ ಸುಳ್ಳು ಹೇಳೇದೇನು? ಇಲ್ಲ. ಕೇಳಿದ್ದಕ್ಕ ಉತ್ತರಾ ಕೊಟ್ಟಿಲ್ಲೇನು? ಕೊಟ್ಟದ. ನಮ್ಮ ಮ್ಯಾಲೆ ಏನೂ ತಪ್ಪಿಲ್ಲಂತ ಬರದಾರ.’

‘ಒಬ್ಬರ ಮನಿ ಹೋಗೂ ಮಾತಿದ್ರ ಅದನ್ನ ಊರಿಗೆಲ್ಲಾ ಹೇಳಬೇಕ್ರಿ ಸರ್. ಸಂಬಂಧ ಇರ್ಲಿ, ಬಿಡ್ಲಿ. ನಾ ಅದನ್ನ ಸೇರಸ್ತೀನಿ.’

‘ಸೇರಿಸಿ ನೋಡು.’

ಅವಳು ಸೇರಿಸಿದಳು. ಬೇರೊಂದು ಊರಿನಲ್ಲಿ ಪರೀಕ್ಷೆ ಮಾಡಿದರು. ತಮ್ಮ ಮಾತು ಮುಗಿದು ‘ಈಗ ಬೇರೆಯವರ ವಿಷಯ’ ಎನ್ನುತ್ತಲೇ ಜನ ಕಿವಿಕಾಳು ತೆಗೆದರು. ಮೇಲಿನ ಸಮಿತಿ ಆ ಬದಲಾವಣೆಯನ್ನು ಕೈಬಿಡಲು ಹೇಳಿತು.

ಅಕ್ಕನನ್ನು ಕೇಳಲು ಸುಮಿತ್ರಾಳಿಗೆ ಬಹಳ ದಿನ ಧೈರ್ಯ ಬರಲಿಲ್ಲ. ಹೊಸ ಬಸ್‌ಸ್ಟ್ಯಾಂಡು ಶುರುವಾದ ಮೇಲೆ ಒಮ್ಮೆ ಹೋದಳು. ಖಾನಾವಳಿಗೆ ಗಿಲಾವು, ಬಣ್ಣ ಆಗಿತ್ತು. ಬಾಗಿಲಲ್ಲಿ ಜನ ಪಾಳಿ ಹಚ್ಚಿ ನಿಂತಿದ್ದರು. ಒಳಗೆ ಗುರುತಿಲ್ಲದ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಚಿಕ್ಕಬಸಾಪುರದಿಂದ ಬೀಬಿಜಾನ ಒಂದು ತಿಂಗಳು ಬಸ್ಸಿನಲ್ಲಿ ಬಂದುಹೋಗಿ ಮಾಡಿದ್ದಳು, ಆಮೇಲೆ ಬಿಟ್ಟಿದ್ದಳು.

ಗಿರಾಕಿಗಳು ಕರಗಿದ ಮೇಲೆ ಸುಮಿತ್ರಾ ಕೇಳಿದಳು. ‘ಅಕ್ಕಾ, ಆವತ್ತ ನಿನಗ ಅದು ಏನಂತ ಹೇಳ್ತು? ಈ ಕಡೀಗೆ ಅಂತ ಅಷ್ಟ ಹೇಳ್ತೇನ?’

ನೀಲವ್ವ ಅವಳನ್ನು ನೋಡಲಿಲ್ಲ. ‘ನಿಮ್ಮ ಹಿತ್ತಲ ಗ್ವಾಡಿಗೆ ಹತ್ತಿ, ಹಿಂದಿನ ಜಾಗಾದಾಗ ಅಂತು.’

‘ಹಿತ್ತಲ ಗ್ವಾಡಿಗೆ ಹತ್ತಿ ಯಾರ ಮನಿ ಇದ್ದೂ ಅಂತ ನಿನಗ ಗೊತ್ತಿಲ್ಲೇನ?’

‘ಗೊತ್ತಿಲ್ಲದೇನ ಸುಮ್ಮಿ? ಆ ಮಂದಿ ಎಲ್ಲಿ ಹೋಗ್ತಾರ ಅಂತ ಕೇಳಬೇಕಂತ ಬಾಯಿ ತನಕಾ ಬಂದಿತ್ತು.’

‘ಮತ್ತ ಯಾಕ ಕೇಳ್ಲಿಲ್ಲ?’

‘ಕೇಳಿದ್ರ ಹೇಳ್ತಿತ್ತಲ್ಲ.’

ಸ್ವಲ್ಪ ಹೊತ್ತಿಗೆ ನೀಲವ್ವ ಊಟಕ್ಕೆ ಏಳು ಎಂದಳು. ಸುಮಿತ್ರಾ ಹಸಿವಿಲ್ಲ ಎಂದಳು. ಅವರ ಜೀವನದಲ್ಲಿ ಅಕ್ಕನ ಮನೆಯಿಂದ ತಂಗಿ ಉಣ್ಣದೆ ಎದ್ದು ಹೋದದ್ದು ಅದೇ ಮೊದಲು. ನೀಲವ್ವ ತಡೆಯಲಿಲ್ಲ.

ಮೂರು ವರ್ಷ ಕಳೆಯಿತು. ಕಿವಿಕಾಳು ರಾಜ್ಯದ ಎಲ್ಲ ಚುನಾವಣೆಗಳಿಗೂ ಬಂತು, ಗ್ರಾಮ ಪಂಚಾಯಿತಿಗಳಿಗೂ. ಚಿಕ್ಕಬಸಾಪುರದ ಚುನಾವಣೆಗೆ ಎರಡು ದಿನ ಇರುವಾಗ ಬೀಬಿಜಾನಳ ಫೋನ್ ಬಂತು. ಸುಮಿತ್ರಾ ಹೊರಟಳು. ಊರಿನ ಹೊರಗೆ ಕೆಂಪು ಮಣ್ಣಿನ ಬಯಲಲ್ಲಿ ತಗಡಿನ ಮನೆಗಳ ಸಾಲು. ಬೀಬಿಜಾನ ಈಗ ಮನೆಯಲ್ಲೇ ರೊಟ್ಟಿ ಬಡಿದು ಹೆದ್ದಾರಿಯ ಧಾಬಾಗಳಿಗೆ ಮಾರುತ್ತಿದ್ದಳು. ಸೊರಗಿದ್ದಳು, ಆದರೆ ಮಾತು ಮೊದಲಿಗಿಂತ ಗಟ್ಟಿಯಾಗಿತ್ತು.

‘ಈ ಸಲ ಕಿವಿಕಾಳು ಕೊಟ್ಟಾಗ ನಾ ಸುಮ್ಮನ ಕುಂದರ್ಲಿಲ್ರಿ,’ ಎಂದಳು. ‘ನನಗ ಅದು ನಳದ ನೀರಿನ ಮಾತು ಹೇಳ್ತು. ಈ ದ್ಯಾಮಣ್ಣ ಅನ್ನಾಂವ ಮನಿಮನಿಗೆ ನಳಾ ಹಾಕಸ್ತಾನಂತ. ಅಷ್ಟಕ್ಕ ಬಿಡಲಿಲ್ಲ ನಾನು. ಮತ್ತೇನೇನ್ ಬರದಾನ ಹೇಳು ಅಂದೆ. ಈ ಜಾಗಾ ನಮಗ ಕೊಡೂ ಮೊದ್ಲ ಯಾರ್ದಿತ್ತು ಹೇಳು ಅಂದೆ.’

‘ಏನಂತು?’

‘ಊರವ್ರ ಗೋಮಾಳಂತ್ರಿ. ಅವ್ರ ದನಾ ಮೇಯೂ ಜಾಗಾನ ಕಸದು ನಮಗ ಕೊಟ್ಟಾರ. ಅದಕ್ಕ ಊರಾಗ ನಮಗ ಯಾರೂ ಮಾತಾಡ್ಸೂದಿಲ್ಲ. ಮೂರು ವರ್ಷ ಆತು, ನನಗ ಗೊತ್ತ ಇದ್ದಿದ್ದಿಲ್ಲ. ಈ ದ್ಯಾಮಣ್ಣ ಗೆದ್ರ ಗೋಮಾಳಾ ಊರಿಗೆ ತಿರಗಿ ಕೊಡಸ್ತಾನಂತ. ನಮ್ಮ ಕಿವ್ಯಾಗ ನೀರು, ಅವ್ರ ಕಿವ್ಯಾಗ ಹುಲ್ಲು.’

ನಳ ಹಾಕಿಸುವುದು ಎಲ್ಲಿ ಎಂದೂ ಅವಳು ಕೇಳಿದ್ದಳು. ಇನ್ನೂ ಹತ್ತು ಮೈಲಿ ಆಚೆಯ ಕಲ್ಲುಗುಡ್ಡದ ಮಗ್ಗುಲಲ್ಲಿ, ಹೊಸ ನಿವೇಶನಗಳಲ್ಲಿ. ಬೀಬಿಜಾನ ಕಾಲೊನಿಯ ಮನೆಮನೆಗೆ ಹೋಗಿ ಹೇಳಿದ್ದಳು. ಅರ್ಧ ಮಂದಿ ನಂಬಿದ್ದರು. ನಂಬಿದವರೆಲ್ಲ ಸೇರಿದರೂ ಊರಿನ ಮತಗಳಿಗೆ ಸಾಟಿಯಾಗುತ್ತಿರಲಿಲ್ಲ.

‘ನಾ ಏನ್ ಮಾಡ್ಲಿ ಬೀಬಿಜಾನ?’ ಸುಮಿತ್ರಾ ನಿಜವಾಗಿ ಕೇಳಿದಳು.

‘ನೀವೇನೂ ಮಾಡಬ್ಯಾಡ್ರಿ. ನನ್ನ ಸಂಗಾಟ ನಿಂದರ್ರಿ, ಸಾಕು.’

ಮತದಾನದ ದಿನ ಇಬ್ಬರೂ ಶಾಲೆಯ ಕಂಪೌಂಡಿನ ಹೊರಗೆ, ಊರಿನಿಂದ ಬರುವ ದಾರಿಯ ಪಕ್ಕ ನಿಂತರು. ಮತಗಟ್ಟೆಗೆ ಹೊರಟ ಒಬ್ಬೊಬ್ಬರನ್ನೂ ಬೀಬಿಜಾನ ಕೇಳುತ್ತಿದ್ದಳು.

‘ನಿಮ್ಮ ಕಿವ್ಯಾಗ ಏನ್ ಹೇಳ್ತ್ರಿ?’

ಕೆಲವರು ಬಿರುಸಾಗಿ ನಡೆದರು, ಕೆಲವರು ದಾರಿಯ ಆ ಬದಿಗೆ ಸರಿದರು. ಒಬ್ಬ ಹುಡುಗ ‘ನಿನಗ್ಯಾಕ ಬೇಕು?’ ಎಂದ. ಬಿಸಿಲು ಏರುತ್ತಿತ್ತು. ಪೇದೆಯೊಬ್ಬ ಬಂದು ಇಲ್ಲಿ ಪ್ರಚಾರ ಮಾಡುವಂತಿಲ್ಲ ಎಂದ. ‘ಪ್ರಚಾರ ಅಲ್ರಿ, ಕೇಳಾಕತ್ತೀನಿ ಅಷ್ಟ,’ ಎಂದಳು ಬೀಬಿಜಾನ. ಅವನು ಹೋಗಿ ನೆರಳಲ್ಲಿ ನಿಂತ.

ಕೊನೆಗೆ ಒಬ್ಬ ಮುದುಕಿ ನಿಂತಳು. ಸಿದ್ದವ್ವ ಅವಳ ಹೆಸರು, ಊರಿನಲ್ಲಿ ಎಮ್ಮೆ ಸಾಕಿ ಹಾಲು ಮಾರುವವಳು.

‘ಗೋಮಾಳಾ ತಿರಗಿ ಬರತೈತಂತವಾ,’ ಎಂದಳು. ‘ನನ್ನವು ನಾಕ ಎಮ್ಮಿ ಇದ್ದೂ. ಮೂರು ವರ್ಷ ಆತು, ಅವ್ಕ ಮೇವು ಕೊಂಡು ಹಾಕೂದು ಸಾಕಾಗೇತಿ. ಎರಡ ಮಾರೀನಿ.’

‘ಗೋಮಾಳದಾಗ ಈಗ ಯಾರದಾರ ಗೊತ್ತೇನಜ್ಜಿ?’

‘ಯಾರೋ ಬ್ಯಾರೆ ಕಡಿಯಿಂದ ಬಂದ ಮಂದಿ. ನೀ ಎಲ್ಲಿ ಇರಾಕಿ?’

‘ಅಲ್ಲೇ ಇರಾಕಿ. ನನ್ನ ಮಗಳದಾಳ, ಅತ್ತಿ ಅದಾಳ.’

ಸಿದ್ದವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೀಬಿಜಾನಳ ಮೊಣಕೈವರೆಗೆ ಹತ್ತಿದ್ದ ಒಣ ಹಿಟ್ಟನ್ನು ನೋಡಿದಳು. ಕೋಲೂರಿಕೊಂಡು ನಿಧಾನವಾಗಿ ಶಾಲೆಯ ಒಳಗೆ ಹೋದಳು. ಹೊರಗೆ ಬರುವಾಗ ಅವಳು ಹಿಂದಿನ ಗೇಟಿನಿಂದ ಹೋದಳು.

ಎಣಿಕೆಯ ದಿನ ಸುಮಿತ್ರಾ ಪ್ರಯೋಗಾಲಯದಲ್ಲಿದ್ದಳು. ನೂರಾರು ಪಂಚಾಯಿತಿಗಳ ಫಲಿತಾಂಶಗಳು ಪರದೆಯ ಮೇಲೆ ಬರುತ್ತಿದ್ದವು. ಚಿಕ್ಕಬಸಾಪುರದಲ್ಲಿ ದ್ಯಾಮಣ್ಣ ಗೆದ್ದಿದ್ದ. ಗೋಮಾಳದ ಭರವಸೆಯ ಪಕ್ಕ ಯಂತ್ರ ಹಸಿರು ಗುರುತು ಹಾಕಿತ್ತು: ‘ಈಡೇರಿಸಲು ಸಾಧ್ಯ.’ ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬೀಬಿಜಾನಳಿಗೆ ಫೋನ್ ಮಾಡಿದಳು.

‘ಗೊತ್ತಾತ್ರಿ ಸಣ್ಣಕ್ಕಾರ. ಊರಾಗ ಪಟಾಕಿ ಹಾರಸಾಕತ್ತಾರ.’ ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಮಾತಾಡುತ್ತಲೇ ಬಡಿಯುತ್ತಿದ್ದಳು. ‘ಒಂದು ಮಾತು ಕೇಳ್ಲೇನ್ರಿ? ಆ ಅಜ್ಜಿ ಒಳಗ ಹೋಗಿ ಯಾರಿಗಿ ಹಾಕಿದ್ಲು ಅಂತ ನಿಮ್ಮ ಮಿಷನ್ನಿಗೆ ಗೊತ್ತಿರತೈತೇನ?’

‘ಇಲ್ಲ ಬೀಬಿಜಾನ. ಅದು ಯಾರಿಗೂ ಗೊತ್ತಾಗೂದಿಲ್ಲ.’

ರೊಟ್ಟಿ ಹಂಚಿಗೆ ಬಿದ್ದ ಸಪ್ಪಳ ಕೇಳಿತು.

‘ಛಲೋ ಆತು ಬಿಡ್ರಿ,’ ಎಂದಳು ಬೀಬಿಜಾನ. ‘ನಾಳೆ ಮುಂಜಾನೆಯಿಂದ ಹಾಲಿಗೆ ಅಕಿ ಮನೀಗೇ ಹೋಗಬೇಕಂತ ಮಾಡೀನಿ.’